ಯಾರಿಗೂ ಗೊತ್ತಿಲ್ಲದ ಹಾಡಿಗೆ ಕುಣಿದ ಊರು

ಮದುವೆ ರಿಸೆಪ್ಷನ್ ಇರಲಿ, ಆಫೀಸಿನ ಪಾರ್ಟಿ ಇರಲಿ, ಹಾಡು ಹಾಕುವ ಕೆಲಸ ಯಾರ ತಲೆಗೆ ಬೀಳುತ್ತದೋ ಅವನ ಕಷ್ಟ ಒಂದೇ. ಎಲ್ಲರಿಗೂ ಗೊತ್ತಿರುವ ಹಾಡು ಹಾಕಿದರೆ ಜನ ಎದ್ದು ಕುಣಿಯುತ್ತಾರೆ, ಆದರೆ ಅಷ್ಟಕ್ಕೆ ಇವನೇ ಯಾಕೆ ಬೇಕಿತ್ತು, ರೇಡಿಯೋ ಸಾಕಿತ್ತು. ತಾನು ಹುಡುಕಿ ತಂದ, ತನಗೆ ಜೀವದಂತಿರುವ, ಯಾರೂ ಕೇಳಿರದ ಹಾಡು ಹಾಕಿದರೆ ಜನ ಕಾಫಿ ಕುಡಿಯೋಕೆ ಹೋಗುತ್ತಾರೆ. ನಮ್ಮ ಕಡೆ ನವೆಂಬರ್ ತಿಂಗಳಲ್ಲಿ 'ಆಕಸ್ಮಿಕ' ಚಿತ್ರದ ಆ ಹಾಡು ಹಾಕದೆ ಆರ್ಕೆಸ್ಟ್ರಾದವರು ವೇದಿಕೆಯಿಂದ ಇಳಿದು ಬರಲಿ ನೋಡೋಣ! ಚಿತ್ರ ಬಂದದ್ದು 1993ರಲ್ಲಿ. ಇಷ್ಟು ವರ್ಷವಾದರೂ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಆದರೆ ಇದಕ್ಕೆ ತದ್ವಿರುದ್ಧವಾದ ಒಂದು ಕಾಲ, ಒಂದು ಜಾಗ ಇತ್ತು. ಅಲ್ಲಿ ಗೊತ್ತಿರುವ ಹಾಡು ಹಾಕಿದರೆ ಡಿಜೆಗೆ ಮರ್ಯಾದೆ ಇಲ್ಲ. ಯಾರೂ ಕೇಳಿರದ, ಅಮೆರಿಕಾದಲ್ಲೇ ಮಾರಾಟವಾಗದೆ ಬಿದ್ದಿದ್ದ ಹಾಡು ಹಾಕಿದರೆ ಸಾವಿರಾರು ಜನ ಕುಣಿಯುತ್ತಿದ್ದರು. ಅದು ಇಂಗ್ಲೆಂಡಿನ ಉತ್ತರ ಭಾಗ, 1970ರ ದಶಕ. ಆ ಸಂಗೀತಕ್ಕೆ 'ನಾರ್ದರ್ನ್ ಸೋಲ್' ಅಂತ ಹೆಸರು. ಸುಮಾರು ವರ್ಷದಿಂದ ನನಗೆ ಇದರ ಹುಚ್ಚು. ಕನ್ನಡದಲ್ಲಿ ಇದರ ಬಗ್ಗೆ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಹಾಗಾಗಿ ನಾನೇ ಕೂತೆ.

ಹೆಸರೇನೋ ನಾರ್ದರ್ನ್, ಆದರೆ ಹಾಡಿದವರು ಬಹುಪಾಲು ಇಂಗ್ಲೆಂಡಿನವರಲ್ಲ. ಡೆಟ್ರಾಯಿಟ್, ಶಿಕಾಗೋ, ಲಾಸ್ ಏಂಜಲೀಸ್ ಕಡೆಯ ಗಾಯಕರು, ಹೆಚ್ಚಿನವರು ಕರಿಯ ಜನಾಂಗದವರು. 1960ರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಕಂಪನಿ ಗೆದ್ದದ್ದು ನೋಡಿ ಊರೂರಲ್ಲಿ ಸಣ್ಣ ಸಣ್ಣ ಕಂಪನಿಗಳು ಹುಟ್ಟಿಕೊಂಡವು. ಅದೇ ಧಾಟಿ, ಅದೇ ಓಟದ ತಾಳ. ಕೆಲವು ನೂರು ಪ್ಲೇಟು ಒತ್ತಿಸೋದು, ರೇಡಿಯೋದವರಿಗೆ ಕೊಡೋದು, ಯಾರೂ ಹಾಕದಿದ್ದರೆ ಉಳಿದದ್ದು ಗೋಡೌನಿಗೆ. ಹಾಡಿದವನು ಮತ್ತೆ ಕಾರ್ಖಾನೆ ಕೆಲಸಕ್ಕೆ. ಅಷ್ಟೇ ಕಥೆ.

ಹೆಸರಿಟ್ಟವನು ಡೇವ್ ಗಾಡಿನ್ ಎಂಬ ಪತ್ರಕರ್ತ. ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಅವನದೊಂದು ಪ್ಲೇಟಿನ ಅಂಗಡಿ ಇತ್ತು, ಸೋಲ್ ಸಿಟಿ ಅಂತ. 1968ರ ಹೊತ್ತಿಗೆ ಫುಟ್‌ಬಾಲ್ ಪಂದ್ಯಕ್ಕೆಂದು ಉತ್ತರದಿಂದ ಬರುತ್ತಿದ್ದ ಹುಡುಗರು ಅಂಗಡಿಗೆ ನುಗ್ಗಿ ಹಳೇ ಧಾಟಿಯ ವೇಗದ ಹಾಡುಗಳನ್ನೇ ಕೇಳುತ್ತಿದ್ದರು. ಅಮೆರಿಕಾದಲ್ಲಿ ಆಗಲೇ ಫಂಕ್ ಬಂದಿತ್ತು, ಇವರಿಗೆ ಅದು ಬೇಡ. ಉತ್ತರದವರು ಬಂದರೆ ಹೊಸದನ್ನ ಕೇಳಿಸಿ ಟೈಮ್ ವೇಸ್ಟ್ ಮಾಡಬೇಡಿ, ಅವರ ಮಾಲು ಬೇರೆ ಅಂತ ಅಂಗಡಿ ಹುಡುಗರಿಗೆ ಹೇಳಲು ಅವನು ಬಳಸಿದ ಗುರುತಿನ ಹೆಸರು ಅದು. ಅಂಗಡಿಯವನ ಅನುಕೂಲದ ಮಾತು ಒಂದು ಸಂಗೀತದ ಹೆಸರಾಗಿ ಉಳಿದುಹೋಯಿತು.

ಮೊದಲ ದೊಡ್ಡ ಜಾಗ ಮ್ಯಾಂಚೆಸ್ಟರ್‌ನ ಟ್ವಿಸ್ಟೆಡ್ ವೀಲ್, 1963ರಲ್ಲಿ ಶುರು. ಅಲ್ಲಿನ ಡಿಜೆ ರೋಜರ್ ಈಗಲ್ ಬ್ಲೂಸ್, ಜಾಜ್, ಸೋಲ್ ಎಲ್ಲ ಕಲಸಿ ಹಾಕುತ್ತಿದ್ದ ಮನುಷ್ಯ. ಜನಕ್ಕೆ ಬರಬರುತ್ತಾ ವೇಗದ ಹಾಡು ಬಿಟ್ಟು ಬೇರೇನೂ ಬೇಡವಾಯಿತು. ರಾತ್ರಿಯಿಡೀ ಕುಣಿಯೋಕೆ ಮಾತ್ರೆ ನುಂಗಿ ಬಂದವರಿಗೆ ನಿಧಾನದ ಬ್ಲೂಸ್ ಯಾಕೆ ಬೇಕು? ಈಗಲ್ ಬೇಸತ್ತು 1966ರಲ್ಲಿ ಬಿಟ್ಟು ಹೋದ. ನನಗಂತೂ ಈ ಇಡೀ ಇತಿಹಾಸದಲ್ಲಿ ಅವನ ಮೇಲೆ ಒಂದು ಕೈ ಜಾಸ್ತಿ ಪ್ರೀತಿ. ವೀಲ್ 1971ರಲ್ಲಿ ಮುಚ್ಚಿತು. ಆಮೇಲೆ ಸ್ಟೋಕ್ ಹತ್ತಿರದ ಟನ್‌ಸ್ಟಾಲ್‌ನ ಗೋಲ್ಡನ್ ಟಾರ್ಚ್, ಅದೂ 1973ರಲ್ಲಿ ಬಂದ್.

ಅದೇ ವರ್ಷ ಸೆಪ್ಟೆಂಬರ್ 23ರಂದು ವಿಗನ್ ಕ್ಯಾಸಿನೋ ಶುರುವಾಯಿತು. ವಿಗನ್ ಅಂದರೆ ಕಲ್ಲಿದ್ದಲು ಗಣಿ ಮತ್ತು ಹತ್ತಿ ಗಿರಣಿಗಳ ಊರು, ಜಾರ್ಜ್ ಆರ್ವೆಲ್ 1937ರ ಪುಸ್ತಕದಲ್ಲಿ ಅಲ್ಲಿನ ಬಡತನ ಬರೆದಿದ್ದಾನೆ. ಹೆಸರು ಕ್ಯಾಸಿನೋ ಆದರೂ ಜೂಜಿಲ್ಲ, ಈ ರಾತ್ರಿಯ ಕುಣಿತದಲ್ಲಿ ಮದ್ಯವೂ ಇಲ್ಲ! ಹಳೆಯ ಬಾಲ್‌ರೂಮ್, ಮರದ ನೆಲ. ರಾತ್ರಿ ಎರಡಕ್ಕೆ ಬಾಗಿಲು ತೆರೆದರೆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಮುಕ್ತಾಯ. ಕಾಲು ಸರಾಗವಾಗಿ ಜಾರಲಿ ಅಂತ ನೆಲಕ್ಕೆ ಟಾಲ್ಕಂ ಪೌಡರ್ ಚೆಲ್ಲುತ್ತಿದ್ದರು. ವಾರವಿಡೀ ಗಣಿಯಲ್ಲೋ ಕಾರ್ಖಾನೆಯಲ್ಲೋ ದುಡಿದ ಹುಡುಗ ಹುಡುಗಿಯರು ಬಟ್ಟೆ ಬದಲಾಯಿಸೋಕೆ ಒಂದು ಬ್ಯಾಗ್ ಹಿಡಿದು ಬರುತ್ತಿದ್ದರು.

ಈಗ ಡಿಜೆಯ ಲೆಕ್ಕ ನೋಡಿ. ಏಳಿಂಚಿನ ಪ್ಲೇಟು, ಹಾಡು ಎರಡೂವರೆ ನಿಮಿಷ. ಆರು ಗಂಟೆಗೆ ಹೆಚ್ಚು ಕಡಿಮೆ 140 ಹಾಡು ಬೇಕು. ಪ್ರತಿ ವಾರ ಅಷ್ಟೂ ಹೊಸದು ಎಲ್ಲಿಂದ ಬರಬೇಕು? ಜೊತೆಗೆ, ಹೊಸ ಹಾಡು ಮೊದಲ ಸಲ ಹಾಕಿದಾಗ ಅರ್ಧ ನೆಲ ಖಾಲಿಯಾಗುವುದು ಅಲ್ಲೂ ಇತ್ತು, ಅವರೇನು ದೇವಲೋಕದವರಲ್ಲ. ಹಾಗಾಗಿ ಹೊಸದನ್ನು ಎರಡು ಗಟ್ಟಿ ಹಾಡುಗಳ ನಡುವೆ ಇಡೋದು, ಮುಂದಿನ ವಾರ ಮತ್ತೆ ಹಾಕೋದು, ಅದರ ಮುಂದಿನ ವಾರ ಮತ್ತೆ. ನಾಲ್ಕನೇ ವಾರ ಜನ ಅದಕ್ಕಾಗಿಯೇ ಕಾಯುತ್ತಾರೆ. ಅಂದರೆ ಅಪರಿಚಿತ ಹಾಡು ಅನ್ನೋದು ಕೆಲವೇ ವಾರಗಳ ಸಂಗತಿ. ಅದು ಹಿಟ್ ಆದ ದಿನವೇ ಡಿಜೆಗೆ ಹಳತಾಯಿತು.

ಹಿಟ್ ಆದ ಮೇಲೆ ಇನ್ನೊಂದು ಕಾಟ. ಪಕ್ಕದೂರಿನ ಡಿಜೆ ಅದರ ಹೆಸರು ತಿಳಿದು ಪ್ಲೇಟು ಸಂಪಾದಿಸಿಬಿಟ್ಟರೆ ಇವನ ಬಳಿ ಏನು ಉಳಿಯಿತು? ಅದಕ್ಕೇ 'ಕವರ್ ಅಪ್' ಎಂಬ ಉಪಾಯ: ಲೇಬಲ್ ಮೇಲೆ ಬಿಳಿ ಕಾಗದ ಅಂಟಿಸಿ ಹಾಡಿಗೂ ಹಾಡುಗಾರನಿಗೂ ಸುಳ್ಳು ಹೆಸರು ಕೊಡೋದು. ಇದು ಇವರು ಕಂಡುಹಿಡಿದದ್ದೇನೂ ಅಲ್ಲ. 1950ರ ದಶಕದಲ್ಲೇ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಧ್ವನಿವರ್ಧಕ ಕಟ್ಟಿ ಬೀದಿ ನೃತ್ಯ ನಡೆಸುತ್ತಿದ್ದವರು ಲೇಬಲ್ ಕೆರೆದು ಹಾಕುತ್ತಿದ್ದರು. ಅಲ್ಲಿ ಕಾಕ್ಸನ್ ಡಾಡ್ 'ಕಾಕ್ಸನ್ ಹಾಪ್' ಅಂತ ತನ್ನದೇ ಹೆಸರಿಟ್ಟು ಒಂದು ವಾದ್ಯಸಂಗೀತ ಹಾಕುತ್ತಿದ್ದ, ಅದು ನಿಜಕ್ಕೂ ವಿಲ್ಲಿಸ್ ಜಾಕ್ಸನ್‌ನದ್ದು. ಎದುರಾಳಿ ಡ್ಯೂಕ್ ರೀಡ್ ವರ್ಷಗಟ್ಟಲೆ ಹುಡುಕಿ ಅದನ್ನೇ ತಂದು ಹಾಕಿದಾಗ ಕಾಕ್ಸನ್ ಮೂರ್ಛೆ ಹೋದ ಅಂತ ಪ್ರಿನ್ಸ್ ಬಸ್ಟರ್ ಹೇಳುತ್ತಿದ್ದ. ಸ್ವಲ್ಪ ಮಸಾಲೆ ಇರಬಹುದು, ಇರಲಿ ಬಿಡಿ :)

ಇಷ್ಟರಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ದೊಡ್ಡ ಜಗಳ ಎದ್ದಿತು. ವಿಗನ್‌ನಿಂದ ಐವತ್ತು ಕಿಲೋಮೀಟರ್ ದೂರದ ಬ್ಲ್ಯಾಕ್‌ಪೂಲ್ ಮೆಕ್ಕಾದಲ್ಲಿ ಇಯಾನ್ ಲೆವಿನ್ ಮತ್ತು ಕಾಲಿನ್ ಕರ್ಟಿಸ್ ಡಿಜೆಗಳು. ಲೆವಿನ್ ಅನುಕೂಲಸ್ಥರ ಮನೆಯ ಹುಡುಗ, ಅಪ್ಪ ಅಮ್ಮನ ಜೊತೆ ಮಯಾಮಿಗೆ ರಜೆಗೆ ಹೋಗಿ ಸಾವಿರಗಟ್ಟಲೆ ಪ್ಲೇಟು ಹೊತ್ತು ತರುತ್ತಿದ್ದ. ಅವನ ವಾದ ಇಷ್ಟು: 1960ರ ದಶಕದ ಗೋಡೌನು ಎಂದಾದರೂ ಖಾಲಿಯಾಗಲೇಬೇಕು, ಮೊದಲೇ ಒಳ್ಳೆಯವು ಸಿಕ್ಕವು, ಈಗ ಸಿಗುತ್ತಿರುವುದು ಎರಡನೇ ದರ್ಜೆ. ಅದಕ್ಕೆ ಅವನು ಕಾರ್‌ಸ್ಟೇರ್ಸ್ ತಂಡದ 1973ರ ಹಾಡಿನಿಂದ ಶುರುಮಾಡಿ ಆಗಷ್ಟೇ ಬಂದ ಅಮೆರಿಕನ್ ಹಾಡುಗಳನ್ನು ಹಾಕತೊಡಗಿದ. ವಿಗನ್‌ನವರಿಗೆ ಇದು ದ್ರೋಹ. 'ಲೆವಿನ್ ತೊಲಗಲಿ' ಎಂಬ ಘೋಷಣೆಯೇ ಹುಟ್ಟಿತು! ತಮಾಷೆಯೆಂದರೆ ಮೆಕ್ಕಾ ಎರಡು ಗಂಟೆಗೆ ಮುಚ್ಚುತ್ತಿತ್ತು, ವಿಗನ್ ಎರಡಕ್ಕೆ ತೆರೆಯುತ್ತಿತ್ತು. ಒಂದೇ ರಾತ್ರಿ ಎರಡೂ ಪಕ್ಷ ಸೇರುವವರು ಬೇಕಾದಷ್ಟಿದ್ದರು.

ವಿಗನ್‌ನಲ್ಲೂ ಪರಿಸ್ಥಿತಿ ಸರಳವಿರಲಿಲ್ಲ. ಜನಕ್ಕೆ ಎರಡು ವರ್ಷದ ಹಿಂದೆ ತಾವು ಕುಣಿದ ಹಾಡೇ ಬೇಕು ಅನ್ನಿಸತೊಡಗಿತು. ಅದಕ್ಕೆ ಅದೇ ಕಟ್ಟಡದಲ್ಲಿ ಮಿಸ್ಟರ್ ಎಂಸ್ ಅಂತ ಇನ್ನೊಂದು ಚಿಕ್ಕ ಹಾಲ್, ಅಲ್ಲಿ ಬರೀ ಹಳೆಯದು. ನನ್ನ ಮಟ್ಟಿಗೆ ಇಡೀ ಕಥೆಯ ಮುಖ್ಯ ಕೋಣೆ ಅದೇ. ಯಾರೂ ಕೇಳಿರದ್ದನ್ನೇ ಕೇಳುತ್ತೇವೆ ಅಂತ ಹಟ ಹಿಡಿದವರೂ ಗೊತ್ತಿರುವ ಹಾಡಿಗೆ ಇನ್ನೊಂದು ಬಾಗಿಲು ಬೇಕು ಅಂದರು. ಅತ್ತ ಟಿವಿಗೂ ರುಚಿ ಹತ್ತಿತು. ಆರ್. ಡೀನ್ ಟೇಲರ್ 1967ರಲ್ಲಿ ಹಾಡಿದ್ದು 1974ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಬಂತು. 1975ರಲ್ಲಿ ವಿಗನ್ ಹೆಸರು ಹೊತ್ತ ತಂಡಗಳೇ 'ಟಾಪ್ ಆಫ್ ದಿ ಪಾಪ್ಸ್'ನಲ್ಲಿ ಕಾಣಿಸಿಕೊಂಡವು. ಹಳೆಯ ಭಕ್ತರು ಮುಖ ಮುಚ್ಚಿಕೊಂಡರು.

ಈ ಜಗಳದಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ: ಹಾಡಿದವನಿಗೆ ಏನು ಸಿಕ್ಕಿತು? ಲೇಬಲ್ ಮುಚ್ಚಿ ಸುಳ್ಳು ಹೆಸರು ಕೊಟ್ಟಾಗ ಮೊದಲು ಅಳಿಸಿಹೋಗುವುದು ಅವನ ಹೆಸರೇ ತಾನೆ? ಮೇಲಿಂದ ಕಳ್ಳಪ್ರತಿಗಳು, ಅದರಲ್ಲಿ ಅವನಿಗೆ ಬಿಡಿಗಾಸೂ ಇಲ್ಲ. ವಿಗನ್‌ನಲ್ಲಿ ಪ್ರತಿ ರಾತ್ರಿ ಕೊನೆಗೆ ಅದೇ ಮೂರು ಹಾಡು ಹಾಕುತ್ತಿದ್ದರು, 'ಎಂಟಕ್ಕೆ ಮುಂಚಿನ ಮೂರು'. ಜಿಮ್ಮಿ ರಾಡ್‌ಕ್ಲಿಫ್, ಟೋಬಿ ಲೆಜೆಂಡ್, ಡೀನ್ ಪ್ಯಾರಿಶ್. ರಾಡ್‌ಕ್ಲಿಫ್ 1973ರಲ್ಲೇ, ಕ್ಯಾಸಿನೋ ತೆರೆಯುವ ಮೊದಲೇ, ತೀರಿಹೋಗಿದ್ದ. ಪ್ಯಾರಿಶ್‌ಗೆ ತನ್ನ ಹಾಡಿಗೆ ಅಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಜನ ಕಣ್ಣೀರಿಡುತ್ತಿದ್ದರು ಅನ್ನೋದು ಬಹಳ ವರ್ಷ ಗೊತ್ತೇ ಇರಲಿಲ್ಲ. ಗ್ಲೋರಿಯಾ ಜೋನ್ಸ್‌ಳ 'ಟೇಂಟೆಡ್ ಲವ್' ಪ್ಲೇಟಿನ ಹಿಂಬದಿಯ ಹಾಡು, ಅಮೆರಿಕಾದಲ್ಲಿ ಯಾರೂ ತಿರುಗಿ ನೋಡಲಿಲ್ಲ. ರಿಚರ್ಡ್ ಸರ್ಲಿಂಗ್ ಎಂಬ ಡಿಜೆ 1973ರಲ್ಲಿ ಅಮೆರಿಕಾದಿಂದ ತಂದು ಅದನ್ನು ಉತ್ತರದ ಹಾಡಾಗಿಸಿದ. 1981ರಲ್ಲಿ ಸಾಫ್ಟ್ ಸೆಲ್ ತಂಡ ಅದನ್ನೇ ಹಾಡಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಗೆದ್ದದ್ದು ಹಾಡು, ಗ್ಲೋರಿಯಾಳ ದನಿ ಅಲ್ಲ. ಹಾಗಂತ ಡಿಜೆಗಳನ್ನು ಬೈಯೋಕೂ ಮನಸ್ಸು ಬರೋದಿಲ್ಲ. ಅವರಿಲ್ಲದಿದ್ದರೆ ಆ ಪ್ಲೇಟುಗಳು ಗುಜರಿಗೆ ಹೋಗುತ್ತಿದ್ದವು. 1982ರಲ್ಲಿ ಶುರುವಾದ ಕೆಂಟ್ ಲೇಬಲ್ ಹಕ್ಕು ಪಡೆದು, ಹಾಡಿದವರ ನಿಜ ಹೆಸರು ಹಾಕಿ ಮರುಮುದ್ರಿಸುತ್ತಾ ಬಂದದ್ದೊಂದು ಸಮಾಧಾನ.

ಕ್ಯಾಸಿನೋದ ಕೊನೆಯ ರಾತ್ರಿ 1981ರ ಡಿಸೆಂಬರ್ 6. ಮೊದಲ ದಿನದಿಂದ ಇದ್ದ ಡಿಜೆ ರಸ್ ವಿನ್‌ಸ್ಟನ್ಲಿ ಆ ಮೂರು ಹಾಡು ಹಾಕಿದ. ಜನ ಕದಲಲಿಲ್ಲ. ಮತ್ತೆ ಅವೇ ಮೂರು, ಮತ್ತೊಮ್ಮೆ ಅವೇ ಮೂರು. ಆಮೇಲೆ ಅವನು ಕೊನೆಗೆ ಹಾಕಿದ್ದು ಫ್ರ್ಯಾಂಕ್ ವಿಲ್ಸನ್‌ನ 'ಡು ಐ ಲವ್ ಯೂ'. ಅದು 1965ರಲ್ಲಿ ಮೋಟೌನ್ ಒತ್ತಿಸಿ, ಬಿಡುಗಡೆ ಮಾಡದೆ ನಾಶಮಾಡಿದ ಪ್ಲೇಟು. ವಿಲ್ಸನ್ ಹಾಡುಗಾರನಾಗುವ ಬದಲು ನಿರ್ಮಾಪಕನಾಗಿ ಉಳಿದ. ಬೆರಳೆಣಿಕೆಯ ಪ್ರತಿಗಳು ಹೇಗೋ ಹೊರಬಿದ್ದು, ಎಡ್ಡಿ ಫಾಸ್ಟರ್ ಎಂಬ ಸುಳ್ಳು ಹೆಸರಲ್ಲಿ ಅಲ್ಲಿ ಮೊಳಗಿದ ಹಾಡದು. 2009ರಲ್ಲಿ ಅದರ ಒಂದು ಪ್ರತಿ 25 ಸಾವಿರ ಪೌಂಡಿಗೂ ಮಿಕ್ಕಿ ಮಾರಾಟವಾಯಿತು. ಆ ರಾತ್ರಿ ನೆಲದ ಮೇಲಿದ್ದವರಿಗೆಲ್ಲ ಅದು ಬಾಯಿಪಾಠ.

ಮರುವರ್ಷ ಆ ಕಟ್ಟಡಕ್ಕೆ ಬೆಂಕಿ ಬಿತ್ತು, 1983ರಲ್ಲಿ ಕೆಡವಿದರು. ಈಗ ಅಲ್ಲಿ ಶಾಪಿಂಗ್ ಮಾಲ್ ಇದೆ.