ರಜಾ ಅರ್ಜಿಯೊಂದು ನನಗೆ ಕಲಿಸಿದ ಪಾಠ

ಹಳೆಯ ವಿದ್ಯಾರ್ಥಿಗಳು ಭೇಟಿಯಾದಾಗ, ‘ಸಾರ್, ನೀವು ಬರೆಸಿದ ಇಂಗ್ಲಿಷ್ ನುಡಿಗಟ್ಟುಗಳು ಇನ್ನೂ ಬಾಯಿಗೆ ಬರುತ್ತವೆ’ ಎನ್ನುವುದುಂಟು. ಕೇಳಿ ಸಂತೋಷವಾಗುತ್ತದೆ, ಜೊತೆಗೇ ಮನಸ್ಸಿನಲ್ಲೊಂದು ಅಳುಕೂ ಮೂಡುತ್ತದೆ. ಅದರ ಕಾರಣವನ್ನು ಇಂದು ಹೇಳಿಬಿಡುತ್ತೇನೆ.

ಅದು 1986ನೆಯ ಇಸವಿ. ಬಿ.ಎಡ್. ಮುಗಿಸಿ ಪ್ರೌಢಶಾಲೆಗೆ ಸೇರಿದ ಹೊಸತು. ಕಪ್ಪು ಹಲಗೆಯ ಎಡಭಾಗದಲ್ಲಿ ನುಡಿಗಟ್ಟು, ಬಲಭಾಗದಲ್ಲಿ ಅರ್ಥ, ಇಷ್ಟೇ ನನ್ನ ಬೋಧನೆ. ‘ಕಿಕ್ ದ ಬಕೆಟ್’ ಎಂಬುದರ ಎದುರಿಗೆ ‘ಸಾಯು’ ಎಂದು ಬರೆದಿದ್ದೆ. ಕೆಲವು ವಾರಗಳ ಬಳಿಕ, ಮೂರು ದಿನ ಶಾಲೆಗೆ ಬಾರದಿದ್ದ ಹುಡುಗನೊಬ್ಬ ತಾನೇ ಇಂಗ್ಲಿಷಿನಲ್ಲಿ ಬರೆದ ರಜಾ ಅರ್ಜಿಯನ್ನು ತಂದುಕೊಟ್ಟ. ತನ್ನ ತಾತ ‘ಕಿಕ್ಡ್ ದ ಬಕೆಟ್’ ಎಂದು ಅದರಲ್ಲಿತ್ತು. ನಾನು ಅದನ್ನು ಗಟ್ಟಿಯಾಗಿ ಓದಿ ನಕ್ಕುಬಿಟ್ಟೆ. ನಾನು ನಕ್ಕೆನೆಂದು ತರಗತಿಯೂ ನಕ್ಕಿತು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ತಾತನ ಹನ್ನೊಂದನೆಯ ದಿನವೂ ಆಗ ಕಳೆದಿರಲಿಲ್ಲ.

ಅಂದು ಸಂಜೆ ಶಾಲೆಯ ಬೀರುವಿನಲ್ಲಿದ್ದ ಹಾರ್ನ್‌ಬಿಯವರ ನಿಘಂಟನ್ನು ತೆರೆದೆ. ಯಾವುದು ಆಡುಮಾತು, ಯಾವುದು ಗೆಳೆಯರ ನಡುವಿನ ಹಗುರ ಮಾತು ಎಂಬುದಕ್ಕೆ ಅದರಲ್ಲಿ ಪುಟ್ಟ ಸಂಕೇತಗಳಿದ್ದವು. ನಾನು ಅರ್ಥವನ್ನು ಮಾತ್ರ ಬರೆಸಿ ಸಂಕೇತವನ್ನು ಬಿಟ್ಟಿದ್ದೆ. ಕನ್ನಡದಲ್ಲಿ ‘ದೈವಾಧೀನರಾದರು’ ಎಂಬುದಕ್ಕೂ ‘ಗೊಟಕ್ಕೆಂದ’ ಎಂಬುದಕ್ಕೂ ಅರ್ಥ ಒಂದೇ. ಆದರೆ ಸ್ವಂತ ತಾತನ ವಿಷಯದಲ್ಲಿ ಎರಡನೆಯದನ್ನು ಯಾವ ಮಗುವೂ ಆಡದು. ಆ ವಿವೇಕ ಮನೆಯಲ್ಲಿ ತಾನಾಗಿ ಬರುತ್ತದೆ. ಪರಭಾಷೆಯಲ್ಲಾದರೋ ಯಾರಾದರೂ ಹೇಳಿಕೊಡಬೇಕು.

ಆ ನಿಘಂಟು ಹುಟ್ಟಿದ್ದೂ ಪರಭಾಷೆಯಾಗಿ ಇಂಗ್ಲಿಷ್ ಕಲಿಯುವವರ ನಡುವೆಯೇ. ಅದರ ಜನ್ಮಸ್ಥಳ ಇಂಗ್ಲೆಂಡ್ ಅಲ್ಲ, ಜಪಾನ್! 1922ರಲ್ಲಿ ಹೆರಾಲ್ಡ್ ಪಾಮರ್ ಎಂಬ ವಿದ್ವಾಂಸರು ಇಂಗ್ಲಿಷ್ ಬೋಧನೆಯ ಸಲಹೆಗಾರರಾಗಿ ಟೋಕಿಯೋಗೆ ಹೋದರು. ಮರುವರ್ಷವೇ ಅಲ್ಲಿ ಸಂಶೋಧನಾ ಸಂಸ್ಥೆಯೊಂದನ್ನು ಆರಂಭಿಸಿದರು. 1924ರಲ್ಲಿ ಜಪಾನಿಗೆ ಅಧ್ಯಾಪಕರಾಗಿ ಬಂದ ಎ.ಎಸ್. ಹಾರ್ನ್‌ಬಿ ಮುಂದೆ ಅವರ ಜೊತೆಗೂಡಿದರು. ಬಿಡಿ ಪದಗಳ ಅರ್ಥ ತಿಳಿದರೆ ಸಾಲದು, ಯಾವ ಪದ ಯಾವುದರ ಜೊತೆ ಸೇರುತ್ತದೆ ಎಂಬುದೂ ತಿಳಿಯಬೇಕೆಂದು ಅವರು ಪದಜೋಡಣೆಗಳನ್ನು ಸಂಗ್ರಹಿಸತೊಡಗಿದರು. 1933ರಲ್ಲಿ ಆ ಸಂಗ್ರಹದ ವರದಿ ಪ್ರಕಟವಾಯಿತು.

ಬಳಿಕ ಹಾರ್ನ್‌ಬಿಯವರು ಗೇಟನ್‌ಬಿ ಮತ್ತು ವೇಕ್‌ಫೀಲ್ಡ್ ಎಂಬಿಬ್ಬರೊಡನೆ ನಿಘಂಟಿನ ಕೆಲಸಕ್ಕೆ ತೊಡಗಿದರು. ಅಷ್ಟರಲ್ಲಿ 1941ರ ಡಿಸೆಂಬರ್‌ನಲ್ಲಿ ಜಪಾನಿಗೂ ಬ್ರಿಟನ್ನಿಗೂ ಯುದ್ಧ ಆರಂಭವಾಯಿತು. ಹಾರ್ನ್‌ಬಿ ಶತ್ರುದೇಶದ ಪ್ರಜೆಯಾಗಿ ಬಂಧನಕ್ಕೊಳಗಾದರು. 1942ರಲ್ಲಿ ಸ್ವದೇಶಕ್ಕೆ ಮರಳಿದರು. ಆಶ್ಚರ್ಯವೆಂದರೆ, ಅದೇ ವರ್ಷ ಟೋಕಿಯೋದ ಪ್ರಕಾಶಕರು ಆ ನಿಘಂಟನ್ನು ಅಚ್ಚುಹಾಕಿ ಹೊರತಂದರು. ಬಾಂಬುಗಳ ನಡುವೆಯೂ ಶತ್ರುವಿನ ನುಡಿಗಟ್ಟುಗಳಿಗೆ ಆ ನಾಡಿನಲ್ಲಿ ಜಾಗವಿತ್ತು. 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಅದನ್ನು ಬೇರೆ ಹೆಸರಿನಲ್ಲಿ ಮರುಮುದ್ರಿಸಿತು. ನಮ್ಮ ಶಾಲೆಯ ಬೀರುವಿನಲ್ಲಿದ್ದದ್ದು ಅದೇ ವಂಶದ 1974ರ ಮೂರನೆಯ ಆವೃತ್ತಿ.

ಆ ಮೂವರೂ ತರಗತಿಯಲ್ಲಿ ಪಾಠ ಹೇಳಿದವರು. ಕಲಿಯುವವನು ಎಲ್ಲಿ ಎಡವುತ್ತಾನೆಂದು ನೋಡಿ, ಅಲ್ಲಿ ದೀಪವಿಟ್ಟರು. ನಾನಾದರೋ ಎಡವಿದವನನ್ನು ಕಂಡು ನಕ್ಕಿದ್ದೆ.

ಮರುದಿನ ತರಗತಿಯಲ್ಲಿ, ‘ತಪ್ಪು ಅವನದಲ್ಲ, ನನ್ನದು’ ಎಂದು ಹೇಳಿದೆ. ಹಲಗೆಯ ಮೇಲೆ ಮೂರನೆಯ ಅಂಕಣವೊಂದನ್ನು ಎಳೆದೆ: ‘ಯಾರು, ಯಾರಿಗೆ, ಯಾವಾಗ ಹೇಳಬಹುದು?’ ನಿವೃತ್ತನಾಗುವವರೆಗೂ ಆ ಅಂಕಣವನ್ನು ಬಿಡಲಿಲ್ಲ. ಅನಂತರದ ವರ್ಷಗಳಲ್ಲಿ ಓದಿದವರಿಗೆ ಅದು ನೆನಪಿರಬಹುದು.

ಆ ಹುಡುಗ ಈಗ ಐವತ್ತು ದಾಟಿರುತ್ತಾನೆ. ಅವನು ಇದನ್ನು ಓದುವುದಾದರೆ ಒಂದು ಮಾತು: ಅಪ್ಪಾ, ನೀನು ಪಾಠವನ್ನು ಸರಿಯಾಗಿಯೇ ಕಲಿತಿದ್ದೆ. ಅರ್ಧ ಪಾಠ ಹೇಳಿದವನು ನಾನು.