ಹೆದ್ದಾರಿ ಮೇಲಿನ ಯುಗಾದಿ

ಬೆಂಗಳೂರಿನಿಂದ ಪುಣೆಗೆ ರಾತ್ರಿ ಬಸ್ಸಲ್ಲಿ ಹೋಗೋರಿಗೆ ನಿಪ್ಪಾಣಿ ಅಂದ್ರೆ ಅರೆನಿದ್ದೆಯಲ್ಲಿ ಕಿಟಕಿಯಾಚೆ ಸರಿದುಹೋಗುವ ಒಂದು ಬೋರ್ಡು. ಸ್ವಲ್ಪ ಹೊತ್ತಿಗೆ ಕೊಗನೊಳ್ಳಿ ಟೋಲ್, ಅದು ದಾಟಿದರೆ ಮಹಾರಾಷ್ಟ್ರ. ಈಗ ಆ ರಸ್ತೆಯ ನಂಬರು 48. ಮುಂಚೆ 4 ಆಗಿತ್ತು. 1981ರ ಮಾರ್ಚ್ 14ರಿಂದ ಏಪ್ರಿಲ್ 6ರವರೆಗೆ ನಿಪ್ಪಾಣಿಯ ಹತ್ತಿರ ಅದು ರಸ್ತೆಯಾಗಿಯೇ ಉಳಿದಿರಲಿಲ್ಲ. ತಂಬಾಕು ಬೆಳೆಗಾರರು ಸಾವಿರಗಟ್ಟಲೆ ಬಂದು ಅದರ ಮೇಲೆ ಕೂತಿದ್ದರು. ಕೂತ ಜಾಗಕ್ಕೆ 'ಆಂದೋಲನ ನಗರ' ಅಂತ ಹೆಸರೂ ಇಟ್ಟಿದ್ದರು.

ನನಗೆ ಕುತೂಹಲ ಇರೋದು ಆ ಕೂತವರು ಅದರ ಹಿಂದಿನ ವರ್ಷ ಯಾರಿಗೆ ಓಟು ಹಾಕಿದ್ದರು ಅನ್ನೋದರ ಬಗ್ಗೆ.

ಎಲ್ಲರೂ ಒಂದೇ ಪಕ್ಷದವರಾಗಿರಲಿಲ್ಲ, ನಿಜ. ನಿಪ್ಪಾಣಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯ ಕಡೆ ಇದ್ದವರು ಸಾಕಷ್ಟು. ಆದರೆ ಚಿಕ್ಕೋಡಿ ಲೋಕಸಭಾ ಕ್ಷೇತ್ರ 1967ರಿಂದ ಕಾಂಗ್ರೆಸ್ಸಿನ ಬಿ. ಶಂಕರಾನಂದರ ಕೈಯಲ್ಲಿತ್ತು. ದೇಶವೆಲ್ಲ ಇಂದಿರಾ ವಿರುದ್ಧ ತಿರುಗಿದ 1977ರಲ್ಲೂ ಅವರು ಗೆದ್ದರು, 1980ರ ಜನವರಿಯಲ್ಲೂ ಗೆದ್ದು ದಿಲ್ಲಿಯಲ್ಲಿ ಆರೋಗ್ಯ ಸಚಿವರಾದರು. ಬೀಡಿ ತಂಬಾಕಿನ ಸೀಮೆಯ ಎಂಪಿ ದೇಶದ ಆರೋಗ್ಯ ಸಚಿವ! ಇರಲಿ. ಹೆದ್ದಾರಿಯಲ್ಲಿ ಕೂತವರಲ್ಲಿ ದೊಡ್ಡ ಪಾಲು ಜನ ಹದಿನಾಲ್ಕು ತಿಂಗಳ ಹಿಂದೆ ಹಸ್ತದ ಗುರುತಿಗೆ ಓಟು ಒತ್ತಿದವರೇ ಇರಬೇಕು.

ಒತ್ತೋದಕ್ಕೆ ಅವರಿಗೆ ಕಾರಣವೂ ಇತ್ತು. ದೇವರಾಜ ಅರಸರ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಗೆ ಉಳುತ್ತಿದ್ದವನು ಡಿಕ್ಲರೇಶನ್ ಕೊಟ್ಟು ಹೊಲದ ಮಾಲೀಕನಾಗುವ ದಾರಿ ತೆರೆದಿತ್ತು. ಅಂಥವನಿಗೆ ಪಕ್ಷ ಅಂದ್ರೆ ಬರೀ ಬಾವುಟ ಅಲ್ಲ, ಪಹಣಿಯಲ್ಲಿರೋ ತನ್ನ ಹೆಸರು. 1978ರ ವಿಧಾನಸಭೆಯಲ್ಲಿ ಇಂದಿರಾ ಕಾಂಗ್ರೆಸ್ಸಿಗೆ 149 ಸೀಟು ಬಂದದ್ದು ಅರಸರ ಮುಂದಾಳತ್ವದಲ್ಲಿ. ಮರುವರ್ಷ ಅರಸು, ಇಂದಿರಾ ಬೇರೆಯಾದರು. 1980ರ ಲೋಕಸಭೆಯಲ್ಲಿ ರಾಜ್ಯದ 28ರಲ್ಲಿ 27 ಇಂದಿರಾ ಪಾಲಾದದ್ದೇ ತಡ, ಅರಸರ ಶಾಸಕರು ಗುಂಪುಗುಂಪಾಗಿ ಆ ಕಡೆ ಹಾರಿದರು, ಅರಸು ರಾಜೀನಾಮೆ ಕೊಟ್ಟರು, ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು. 2019ರಲ್ಲಿ ಅಥಣಿ, ಕಾಗವಾಡದ ಶಾಸಕರು ಕಾಂಗ್ರೆಸ್ ಬಿಟ್ಟಾಗ ನಾವೆಲ್ಲ ಮೀಮ್ ಹಂಚಿಕೊಂಡೆವು. ಅವರು ಅನರ್ಹರಾಗಿ, ಕಡೇಪಕ್ಷ ಉಪಚುನಾವಣೆಗಾದರೂ ನಿಲ್ಲಬೇಕಾಯ್ತು. 1980ರಲ್ಲಿ ಆ ತಾಪತ್ರಯವೂ ಇರಲಿಲ್ಲ, ಪಕ್ಷಾಂತರ ನಿಷೇಧ ಕಾಯ್ದೆ ಬಂದದ್ದೇ 1985ರಲ್ಲಿ. ಅಂದ್ರೆ 1978ರ ಮತದಾರ ಅರಸರಿಗೆ ಅಂತ ಹಾಕಿದ ಓಟು, ಅವನನ್ನು ಒಂದು ಮಾತೂ ಕೇಳದೆ ಗುಂಡೂರಾಯರ ಖಾತೆಗೆ ಜಮೆಯಾಯಿತು.

ಈಗ ತಂಬಾಕಿಗೆ ಬರೋಣ. ನಿಪ್ಪಾಣಿ ಸೀಮೆಯದು ಬೀಡಿ ತಂಬಾಕು. ಮಳೆಗಾಲ ಮುಗಿಯೋ ಹೊತ್ತಿಗೆ ಸಸಿ ನೆಟ್ಟರೆ ಸಂಕ್ರಾಂತಿ ಸುತ್ತಮುತ್ತ ಕೊಯ್ಲು, ಹೊಲದಲ್ಲೇ ಬಿಸಿಲಿಗೆ ಒಣಗಿಸೋದು, ಆಮೇಲೆ ವ್ಯಾಪಾರಿಯ ವಖಾರಿಗೆ. ವಖಾರಿಯಲ್ಲಿ ಹೆಂಗಸರು ಅದನ್ನ ಬಡಿದು, ಕೇರಿ, ಜರಡಿ ಹಿಡಿದು ಜರ್ದಾ ಮಾಡುತ್ತಿದ್ದರು. ದಿನವಿಡೀ ಆ ಘಾಟು, ಆ ಧೂಳು. ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕಿಗಾದರೆ ತಂಬಾಕು ಮಂಡಳಿ ಅಂತ ಒಂದಿತ್ತು, ಕೆಲವೇ ವರ್ಷಗಳಲ್ಲಿ ಅದಕ್ಕೆ ಹರಾಜು ಕಟ್ಟೆಯೂ ಬಂತು. ಬೀಡಿ ತಂಬಾಕಿಗೆ ಆ ಯೋಗ ಇಲ್ಲ. ದರ ಹೇಳುವವನು ವ್ಯಾಪಾರಿ, ತೂಗುವವನೂ ಅವನೇ, ಕಸ ಅಂತ ಎಷ್ಟು ಕಳೆಯಬೇಕು, ದುಡ್ಡು ಯಾವತ್ತು ಕೊಡಬೇಕು ಅಂತ ಗೊತ್ತುಮಾಡುವವನೂ ಅವನೇ. ಬೆಳೆ ಬರೋ ಮುಂಚೆ ಸಾಲ ಕೊಟ್ಟವನೂ ಎಷ್ಟೋ ಸಲ ಅವನೇ. ಪಕ್ಷ ಹೊಲ ಕೊಟ್ಟಿತ್ತು, ಹೊಲದಲ್ಲಿ ಬೆಳೆದದ್ದಕ್ಕೆ ಬೆಲೆ ಕೊಡಿಸೋದು ಮಾತ್ರ ಯಾರ ಕೆಲಸ ಅಂತ ತೀರ್ಮಾನ ಆಗಿರಲಿಲ್ಲ.

ವಖಾರಿ ಹೆಂಗಸರ ಸಂಘ ಕಟ್ಟುವುದರಲ್ಲಿ ತೊಡಗಿದ್ದ ಪ್ರಾಧ್ಯಾಪಕ ಸುಭಾಷ್ ಜೋಶಿ ಬೆಳೆಗಾರರ ಜೊತೆಗೂ ನಿಂತರು. ಮುಂದೆ ಅವರು ನಿಪ್ಪಾಣಿಯ ಶಾಸಕರೂ ಆದರು. ಇನ್ನೊಬ್ಬ ಜೋಶಿ ಮಹಾರಾಷ್ಟ್ರದಿಂದ ಬಂದರು. ಶರದ್ ಜೋಶಿ ಅವರದು ನಮ್ಮಂಥ ಕೆಲಸಗಾರರಿಗೆ ನಂಬೋಕಾಗದ ಬಯೋಡೇಟಾ: ಸ್ವಿಟ್ಜರ್ಲೆಂಡಿನಲ್ಲಿ ವಿಶ್ವಸಂಸ್ಥೆಯ ಅಂಚೆ ಒಕ್ಕೂಟದ ಕೆಲಸ ಬಿಟ್ಟು, ಪುಣೆ ಹತ್ತಿರ ಅಂಬೇಠಾಣದಲ್ಲಿ ಹೊಲ ಕೊಂಡು, ಶೇತಕರಿ ಸಂಘಟನೆ ಕಟ್ಟಿದವರು. 1980ರ ಕೊನೆಯಲ್ಲಿ ನಾಸಿಕ್ ಕಡೆ ಈರುಳ್ಳಿ, ಕಬ್ಬಿನ ದರಕ್ಕಾಗಿ ರಸ್ತೆ ತಡೆದು ಬಂದಿದ್ದರು. ಅಲ್ಲಿ ಮುಖ್ಯಮಂತ್ರಿ ಅಂತುಳೆ, ಇಲ್ಲಿ ಗುಂಡೂರಾವ್, ಗಡಿಯ ಎರಡೂ ಕಡೆ ಒಂದೇ ಪಕ್ಷ. ಜೋಶಿ ಹೇಳುತ್ತಿದ್ದದ್ದು ಸರಳ. ನಮಗೆ ಸಬ್ಸಿಡಿ ಬೇಡ, ದಯೆ ಬೇಡ, ಬೆಳೆಯೋ ಖರ್ಚಿಗೆ ತಕ್ಕ ದರ ಬೇಕು.

ಇದು ಬೆಂಗಳೂರಿನ ಸರ್ಕಾರಕ್ಕೆ ಮೊದಲ ಎಚ್ಚರಿಕೆಯೇನೂ ಆಗಿರಲಿಲ್ಲ. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿಚಾರಕ್ಕೆ ನರಗುಂದ, ನವಲಗುಂದದಲ್ಲಿ ರೈತರು ಎದ್ದಿದ್ದರು, ಗೋಲಿಬಾರ್ ಆಗಿತ್ತು, ಹೆಣ ಬಿದ್ದಿದ್ದವು. ಒಂಬತ್ತು ತಿಂಗಳೊಳಗೆ ಇನ್ನೊಮ್ಮೆ ಅದೇ ಆಗದಂತೆ ನೋಡಿಕೊಳ್ಳಲು ಸರ್ಕಾರಕ್ಕೆ ನಿಪ್ಪಾಣಿಯಲ್ಲಿ ಮೂರು ವಾರಕ್ಕಿಂತ ಹೆಚ್ಚು ಸಮಯವೂ ಸಿಕ್ಕಿತ್ತು. ಆ ವರ್ಷ ಯುಗಾದಿ ಬಂದದ್ದು ಏಪ್ರಿಲ್ 5, ಭಾನುವಾರ. ಬೇವುಬೆಲ್ಲ ಹೆದ್ದಾರಿಯಲ್ಲೇ. ಶುರುವಾದ ಸಂವತ್ಸರದ ಹೆಸರು ದುರ್ಮತಿ. ಎರಡನೇ ದಿನ, ಸೋಮವಾರ, ಪೊಲೀಸರು ರಸ್ತೆ ತೆರವು ಮಾಡಿಸಿದರು. ಗುಂಡು ಹಾರಿತು. 12 ರೈತರು ಸತ್ತರು.

ಓಟು ಹಾಕಿದವನ ಮನಸ್ಸಲ್ಲಿ ಆ ಸೋಮವಾರ ಏನಾಗಿರಬಹುದು? ವಿರೋಧ ಪಕ್ಷದ ಸರ್ಕಾರ ಹೊಡೆದರೆ ಸಿಟ್ಟು ಬರುತ್ತೆ, ಅಷ್ಟೇ. ತನ್ನದೇ ಸರ್ಕಾರ ಹೊಡೆದರೆ ಸಿಟ್ಟಿನ ಜೊತೆ ನಾಚಿಕೆಯೂ ಬರುತ್ತೆ, ಊರ ಕಟ್ಟೆಯಲ್ಲಿ ಇದೇ ಪಕ್ಷದ ಪರ ವಾದ ಮಾಡಿದ್ದು ನೆನಪಾಗುತ್ತೆ. ನನಗನ್ನಿಸೋದು, ಇಂಥ ಮತದಾರ ಗಲಾಟೆ ಮಾಡೋದಿಲ್ಲ. ಕಾಯುತ್ತಾನೆ.

ಕಾದ ಜನ ರಾಜ್ಯದಲ್ಲೆಲ್ಲ ಇದ್ದರು. ಮರುವರ್ಷ ಗೋಕಾಕ್ ಚಳವಳಿ ಬೇರೆ ಬಂತು. 1983ರ ಜನವರಿಯಲ್ಲಿ ಕಾಂಗ್ರೆಸ್ 82ಕ್ಕೆ ಇಳಿಯಿತು, 95 ಗೆದ್ದ ಜನತಾ ಪಕ್ಷದ ರಾಮಕೃಷ್ಣ ಹೆಗಡೆ ಕಾಂಗ್ರೆಸ್ಸೇತರ ಮೊದಲ ಸರ್ಕಾರ ಮಾಡಿದರು. ಸೋಮವಾರಪೇಟೆಯಲ್ಲಿ ಗುಂಡೂರಾಯರೂ ಸೋತರು.

ಅಷ್ಟಾದರೂ ಜನ ಪಕ್ಷವನ್ನು ಪೂರ್ತಿ ಬಿಟ್ಟರಾ? ಇಲ್ಲ. 1984ರ ಡಿಸೆಂಬರಿನ ಲೋಕಸಭೆಯಲ್ಲಿ ರಾಜ್ಯದ 28ರಲ್ಲಿ 24 ಕಾಂಗ್ರೆಸ್ಸಿಗೆ, ಚಿಕ್ಕೋಡಿಯಲ್ಲಿ ಮತ್ತೆ ಶಂಕರಾನಂದ. ಹೆಗಡೆ ವಿಧಾನಸಭೆ ವಿಸರ್ಜಿಸಿ ಜನರ ಮುಂದೆ ಹೋದರು. ಮೂರು ತಿಂಗಳೂ ತುಂಬಿರಲಿಲ್ಲ, 1985ರ ಮಾರ್ಚ್‌ನಲ್ಲಿ ಅದೇ ರಾಜ್ಯ ಜನತಾ ಪಕ್ಷಕ್ಕೆ 139 ಕೊಟ್ಟಿತು. ಡಿಸೆಂಬರಿನದು ಇಂದಿರಾ ಹತ್ಯೆಯ ಅನುಕಂಪದ ಅಲೆ ಅಂತ ಬರೀತಾರೆ. ಸರಿಯೇ. ಆದರೆ ಅನುಕಂಪ ಇದ್ದವರೇ ಮಾರ್ಚ್‌ನಲ್ಲಿ ಬೇರೆ ಕಡೆ ಒತ್ತಿದರಲ್ಲ? ದಿಲ್ಲಿಯ ಪಕ್ಷ ಬೇರೆ, ಬೆಂಗಳೂರಿನ ಸರ್ಕಾರ ಬೇರೆ ಅಂತ ಲೆಕ್ಕ ಬೇರ್ಪಡಿಸೋದನ್ನ ಈ ಜನ ಟಿವಿ ಚರ್ಚೆ ನೋಡಿ ಕಲಿತದ್ದಲ್ಲ. ಗುಂಡೂರಾಯರ ಮೂರು ವರ್ಷದಲ್ಲಿ ಕಲಿತದ್ದು ಅಂತ ನನ್ನ ಗುಮಾನಿ.

ಒಂದು ಬೇಸರ ಉಳಿಯುತ್ತೆ. ಜುಲೈ 21 ಬಂದರೆ ನವಲಗುಂದ, ನರಗುಂದದಲ್ಲಿ ಹುತಾತ್ಮ ರೈತರ ದಿನ, ನಾಯಕರ ಸಾಲು, ಪೇಪರಲ್ಲಿ ಫೋಟೋ. ಗುಂಡೂರಾಯರ ಪತನದ ಬಗ್ಗೆ ಕನ್ನಡದಲ್ಲಿ ನಾನು ಓದಿದ್ದರಲ್ಲಿ ನಿಪ್ಪಾಣಿ ಹೆಚ್ಚೆಂದರೆ ಒಂದು ಸಾಲು, ಅದೂ ಅಲ್ಪವಿರಾಮಗಳ ನಡುವೆ. ಹೋರಾಟದ ಭಾಷಣ ಮರಾಠಿಯಲ್ಲಿತ್ತು, ಮುಂದಾಳು ಪುಣೆ ಕಡೆಯವರು, 1967ರ ಮಹಾಜನ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಿ ಅಂದಿತ್ತು. ಹೀಗಾಗಿ ನಮ್ಮ ತಲೆಯಲ್ಲಿ ಆ ಊರು ಗಡಿ ವಿವಾದ ಅನ್ನೋ ಫೈಲಿನಲ್ಲೇ ಇದೆ. ಆ ಇಪ್ಪತ್ತನಾಲ್ಕು ದಿನ ಅಲ್ಲಿ ಕೂತವರು ಕೇಳಿದ್ದು ಗಡಿಯನ್ನಲ್ಲ, ತಂಬಾಕಿನ ದರವನ್ನ. ಕೇಳಿದ್ದೂ ಬೆಂಗಳೂರಿನ ಸರ್ಕಾರವನ್ನೇ.