ಧಾರಕ ಹೊರೆ ಮತ್ತು ಬಕ್ ರೆಗ್ಯುಲೇಟರ್‌ನ ಆರಂಭ

ಬಕ್ ರೆಗ್ಯುಲೇಟರ್ ಎಂಬುದು ಹೆಚ್ಚಿನ ನೇರ ವೋಲ್ಟೇಜನ್ನು ಕಡಿಮೆ ವೋಲ್ಟೇಜಿಗೆ ಇಳಿಸುವ ವಿದ್ಯುನ್ಮಂಡಲ. ಇದರ ಹೊರತುದಿಗೆ ದೊಡ್ಡ ಧಾರಕಗಳು (ಕೆಪ್ಯಾಸಿಟರ್‌ಗಳು) ಜೋಡಣೆಯಾಗಿದ್ದರೆ, ಮಂಡಲವನ್ನು ಚಾಲೂ ಮಾಡಿದ ಕ್ಷಣದಲ್ಲಿ ಅತಿಯಾದ ಪ್ರವಾಹ ಹರಿಯುತ್ತದೆ. ಇದನ್ನು ತಡೆಯಲು ವೋಲ್ಟೇಜನ್ನು ಕ್ರಮೇಣ ಏರಿಸುವ ವಿಧಾನಕ್ಕೆ ಮೃದು ಆರಂಭ ಎಂದು ಹೆಸರು.

ಸಮಸ್ಯೆಯ ಸ್ವರೂಪ

ಆವೇಶವಿಲ್ಲದ ಧಾರಕವು ಮೊದಲ ಕ್ಷಣದಲ್ಲಿ ಹ್ರಸ್ವಮಂಡಲದಂತೆ ವರ್ತಿಸುತ್ತದೆ. ಅದನ್ನು ತುಂಬಲು ಬೇಕಾದ ಸರಾಸರಿ ಪ್ರವಾಹವು ಧಾರಕತೆಯನ್ನು ವೋಲ್ಟೇಜಿನಿಂದ ಗುಣಿಸಿ, ಏರಿಕೆಯ ಕಾಲದಿಂದ ಭಾಗಿಸಿದಷ್ಟಿರುತ್ತದೆ. ಉದಾಹರಣೆಗೆ, 10,000 ಮೈಕ್ರೋಫ್ಯಾರಡ್ ಧಾರಕವನ್ನು 1 ಮಿಲಿಸೆಕೆಂಡಿನಲ್ಲಿ 5 ವೋಲ್ಟಿಗೆ ಏರಿಸಲು 50 ಆಂಪಿಯರ್ ಬೇಕು. 50 ಮಿಲಿಸೆಕೆಂಡ್ ಅವಕಾಶವಿತ್ತರೆ 1 ಆಂಪಿಯರ್ ಸಾಕು.

ರೆಗ್ಯುಲೇಟರ್‌ನ ಮಿತಿ 3 ಆಂಪಿಯರ್ ಆಗಿದ್ದು, ಇತರ ಹೊರೆಯು 1 ಆಂಪಿಯರ್ ಸೆಳೆಯುತ್ತಿದ್ದರೆ, ಧಾರಕಕ್ಕೆ ಉಳಿಯುವುದು 2 ಆಂಪಿಯರ್ ಮಾತ್ರ. ಆಗ ಏರಿಕೆಯ ಕಾಲ 25 ಮಿಲಿಸೆಕೆಂಡಿಗಿಂತ ಕಡಿಮೆಯಿರಬಾರದು. ಕಡಿಮೆಯಾದರೆ ರಕ್ಷಣಾ ವ್ಯವಸ್ಥೆ ಮಂಡಲವನ್ನು ನಿಲ್ಲಿಸಬಹುದು. ಕೆಲವು ರೆಗ್ಯುಲೇಟರ್‌ಗಳು ತುಸು ಹೊತ್ತಿನ ನಂತರ ಮತ್ತೆ ಆರಂಭಿಸಲು ಯತ್ನಿಸಿ, ಪುನಃ ನಿಲ್ಲುತ್ತವೆ. ಈ ಆವರ್ತನೆಯಲ್ಲಿ ಸಿಲುಕಿದ ಉಪಕರಣವು ಯಾವ ಭಾಗವೂ ಕೆಟ್ಟಿರದಿದ್ದರೂ ಕೆಟ್ಟಂತೆ ತೋರುತ್ತದೆ.

ಪರಿಹಾರಗಳು

* ಮೃದು ಆರಂಭದ ಕಾಲವನ್ನು ಹೆಚ್ಚಿಸುವುದು. ಅನೇಕ ರೆಗ್ಯುಲೇಟರ್‌ಗಳಲ್ಲಿ ಇದನ್ನು ಒಂದು ಚಿಕ್ಕ ಧಾರಕದಿಂದ ನಿಗದಿಪಡಿಸಲಾಗುತ್ತದೆ.
* ವೋಲ್ಟೇಜು ಸ್ಥಿರಗೊಂಡ ಬಳಿಕವೇ ಉಳಿದ ಹೊರೆಯನ್ನು ಜೋಡಿಸುವುದು.
* ಮಿತಿ ತಲುಪಿದಾಗ ಸ್ಥಗಿತಗೊಳ್ಳದೆ ಸ್ಥಿರ ಪ್ರವಾಹ ನೀಡುವ ರೆಗ್ಯುಲೇಟರನ್ನು ಆರಿಸುವುದು.

ಧಾರಕತೆ ಹೆಚ್ಚಿದಾಗ ನಿಯಂತ್ರಣ ಕುಣಿಕೆಯ ವರ್ತನೆಯೂ ಬದಲಾಗುವುದರಿಂದ ಅದರ ಸ್ಥಿರತೆಯನ್ನು ಮರಳಿ ಪರೀಕ್ಷಿಸಬೇಕು.

ಪ್ರಸರಣ ಮಾರ್ಗದಲ್ಲಿ ಧಾರಕತೆ

ಧಾರಕತೆಯು ಬಿಡಿಭಾಗಗಳಿಗಷ್ಟೇ ಸೀಮಿತವಲ್ಲ. ಉದ್ದನೆಯ ವಿದ್ಯುತ್ ತಂತಿಗಳ ನಡುವೆಯೂ, ತಂತಿ ಮತ್ತು ಭೂಮಿಯ ನಡುವೆಯೂ ಅದು ಇರುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಪ್ರಸಿದ್ಧ ನಿದರ್ಶನ, ಕಾವೇರಿ ತೀರದ ಶಿವನಸಮುದ್ರದಿಂದ ಬಂಗಾರಪೇಟೆ ಸಮೀಪದ ಕೋಲಾರ ಚಿನ್ನದ ಗಣಿಗಳಿಗೆ (ಕೆ.ಜಿ.ಎಫ್.) 1902ರಲ್ಲಿ ವಿದ್ಯುತ್ ಹರಿಸಿದ ಸುಮಾರು 147 ಕಿಲೋಮೀಟರ್ ಉದ್ದದ ಮಾರ್ಗ. ಅಲ್ಲಿ ಹರಿದದ್ದು ಪರ್ಯಾಯ ವಿದ್ಯುತ್. ಇಂಥ ಮಾರ್ಗದಲ್ಲಿ ವೋಲ್ಟೇಜು ಸದಾ ದಿಕ್ಕು ಬದಲಿಸುವುದರಿಂದ ಆವೇಶನ ಪ್ರವಾಹವು ನಿರಂತರವಾಗಿರುತ್ತದೆ. ಬಕ್ ರೆಗ್ಯುಲೇಟರ್‌ನ ನೇರ ವಿದ್ಯುತ್ತಿನಲ್ಲಾದರೋ ಧಾರಕವನ್ನು ತುಂಬುವ ಭಾರವು ಮುಖ್ಯವಾಗಿ ಆರಂಭದ ಹೊತ್ತಿನದು. ಆ ಹೊತ್ತನ್ನು ದಾಟಿಸುವುದೇ ಮೃದು ಆರಂಭದ ಉದ್ದೇಶ.